ಸೌಂಡ್ ಕಮ್ಮಿ ಆಗಬೇಕು, ಪಿಕಪ್ ಹೋಗಬಾರದು

ಹೋದ ತಿಂಗಳು ಒಬ್ಬ ಹುಡುಗ ನಮ್ಮ ಗ್ಯಾರೇಜಿಗೆ ಬಂದ. ಬಳ್ಳಾರಿಯಿಂದ ತೋರಣಗಲ್ಲಿಗೆ ದಿನಾ ಡ್ಯೂಟಿಗೆ ಓಡಾಡುವವನು, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಶೋಕಿಗೆ ಅಂತ ಫ್ರೀ ಫ್ಲೋ ಸೈಲೆನ್ಸರ್, ಅಂದರೆ ಹೊಗೆಗೆ ಅಡೆತಡೆ ಕಮ್ಮಿ ಇರುವಂಥದ್ದು, ಹಾಕಿಸಿದ್ದ. ಒಂದು ವಾರ ಖುಷಿ, ಆಮೇಲೆ ತಲೆನೋವು. 2400 ಆರ್‌ಪಿಎಂ ಹತ್ತಿರ ಬಂದರೆ ಸಾಕು, ಕಾರಿನೊಳಗೆ ಗುಂಯ್ ಅಂತ ಕಿವಿ ತುಂಬಿಬಿಡುತ್ತಿತ್ತು. ಬೇರೆ ಕಡೆ ತೋರಿಸಿದ್ದಾನೆ, ಅವರು ಹಿಂದಿನ ಪೈಪಿನ ಬಾಯಿಗೆ ಒಂದು ಸಣ್ಣ ಕೊಳವೆ ತುರುಕಿ ಬೋಲ್ಟ್ ಹಾಕಿ ಕಳಿಸಿದ್ದಾರೆ. ಸದ್ದು ಇಳಿಯಿತು, ಜೊತೆಗೆ ಪಿಕಪ್ಪೂ ಹೋಯಿತು. "ಅಣ್ಣಾ, ಸೌಂಡ್ ಕಮ್ಮಿ ಆಗ್ಬೇಕು, ಪಿಕಪ್ ಮಾತ್ರ ಹೋಗಬಾರ್ದು ನೋಡ್ರಿ" ಅಂದ.

ಎರಡೂ ಸಿಗುತ್ತದೆ. ಹೊಗೆ ಬೇರೆ, ಸದ್ದು ಬೇರೆ. ನಮ್ಮ ತುಂಗಭದ್ರಾ ಎಚ್‌ಎಲ್‌ಸಿ ಕಾಲುವೆಗೆ ಒಂದು ಕಲ್ಲು ಎಸೆದು ನೋಡಿ. ಅಲೆ ಏಳುತ್ತದೆ, ದಂಡೆಯಲ್ಲಿ ಹುಲ್ಲು ಜೊಂಡು ಬೆಳೆದಿದ್ದರೆ ಅಲ್ಲೇ ಸತ್ತುಹೋಗುತ್ತದೆ, ನೀರು ಮಾತ್ರ ತನ್ನ ಪಾಡಿಗೆ ಹರಿಯುತ್ತಿರುತ್ತದೆ. ಅಲೆ ನಿಲ್ಲಿಸಬೇಕು ಅಂತ ಗೇಟು ಇಳಿಸಿದರೆ ನೀರೂ ನಿಲ್ಲುತ್ತದೆ ಅಲ್ವಾ? ಆ ಸಣ್ಣ ಕೊಳವೆ ಮಾಡಿದ್ದು ಗೇಟಿನ ಕೆಲಸ.

ಹುಲ್ಲಿನ ಕೆಲಸ ಮಾಡುವುದು ನೇರ ಪೈಪಿನ ಸೈಲೆನ್ಸರ್. ಒಳಗೆ ಮೈತುಂಬ ತೂತಿರುವ ಪೈಪು, ಅದರ ಸುತ್ತ ಗ್ಲಾಸ್ ವೂಲ್, ಹೊರಗೆ ತಗಡಿನ ಡಬ್ಬಿ. ಹೊಗೆ ನೇರ ಹೋಗುತ್ತದೆ, ಸದ್ದು ತೂತುಗಳಿಂದ ವೂಲಿನೊಳಗೆ ನುಗ್ಗಿ ಅಲ್ಲೇ ಶಾಖವಾಗಿ ಕರಗುತ್ತದೆ. ಡಬ್ಬಿ ಉದ್ದ ಇದ್ದಷ್ಟೂ ಒಳ್ಳೆಯದು. ನಾವು ವೂಲ್ ತುಂಬುವ ಮುಂಚೆ ಪೈಪಿನ ಮೈಗೆ ಸ್ಟೀಲ್ ವೂಲ್ ಸುತ್ತುತ್ತೇವೆ, ಸ್ಟೇನ್‌ಲೆಸ್‌ದು. ಅದಿಲ್ಲದಿದ್ದರೆ ಹೊಗೆಯ ಹೊಡೆತಕ್ಕೆ ಗ್ಲಾಸ್ ವೂಲ್ ಎಳೆ ಎಳೆಯಾಗಿ ಹಾರಿಹೋಗಿ ಖಾಲಿ ಡಬ್ಬಿ ಉಳಿಯುತ್ತದೆ. ಅಗ್ಗದ ಸೈಲೆನ್ಸರುಗಳು ಕೆಲವೇ ತಿಂಗಳಲ್ಲಿ ಕಿರುಚುವುದು ಇದಕ್ಕೇ.

ಆದರೆ ವೂಲು ಚುರುಕು ಸದ್ದನ್ನು ಚೆನ್ನಾಗಿ ನುಂಗುತ್ತದೆ, ಆ ದಪ್ಪ ಗುಂಯ್ ಅದಕ್ಕೆ ಬಗ್ಗುವುದಿಲ್ಲ. ಅದಕ್ಕೆ ಸ್ವಲ್ಪ ಲೆಕ್ಕ ಬೇಕು. ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಆರ್‌ಪಿಎಂ ಅನ್ನು 30ರಿಂದ ಭಾಗಿಸಿ. 2400ಕ್ಕೆ ಸೆಕೆಂಡಿಗೆ 80 ಬಡಿತ. ಹಿಂದಿನ ಪೈಪಿನ ಬಿಸಿ ಹೊಗೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 450 ಮೀಟರ್ ಓಡುತ್ತದೆ. ಹಾಗಾದರೆ ಒಂದು ಅಲೆಯ ಉದ್ದ ಐದೂವರೆ ಮೀಟರಿಗೆ ತುಸು ಜಾಸ್ತಿ, ಅದರ ಕಾಲು ಭಾಗ 1.4 ಮೀಟರ್. ಅಷ್ಟುದ್ದದ ಒಂದು ಪೈಪನ್ನು ಕೊನೆ ಮುಚ್ಚಿ, ಹಿಂದಿನ ಸೈಲೆನ್ಸರಿಗೆ ಮುಂಚೆ ಕವಲಿನ ಹಾಗೆ ವೆಲ್ಡ್ ಮಾಡಿದೆ. ಅಲೆ ಅದರೊಳಗೆ ಹೋಗಿ, ಮುಚ್ಚಿದ ಕೊನೆಗೆ ಬಡಿದು ವಾಪಸ್ ಬರುವಷ್ಟರಲ್ಲಿ ತಲೆಕೆಳಗಾಗಿರುತ್ತದೆ, ಎದುರಿಗೆ ಬರುವ ಅಲೆಯನ್ನು ಹೊಡೆದುಹಾಕುತ್ತದೆ. ಹೊಗೆಯ ದಾರಿಗೆ ಇದು ಅಡ್ಡವೇ ಇಲ್ಲ. ಇಷ್ಟುದ್ದ ಪೈಪು ಎಲ್ಲಿಡೋದು ಅಂದ. ಬಾಗಿಸಿ ಸ್ಟೆಪ್ನಿ ಪಕ್ಕ ಸುತ್ತಿಸಿದೆ, ಪೆಟ್ರೋಲ್ ಟ್ಯಾಂಕ್‌ನಿಂದ, ಬ್ರೇಕ್ ಪೈಪ್‌ನಿಂದ ದೂರ. ಮೊದಲು ಬೇಕಂತಲೇ ಒಂದಿಷ್ಟು ಉದ್ದ ಬಿಟ್ಟು, ಹೊಸಪೇಟೆ ರಸ್ತೆಯಲ್ಲಿ ಓಡಿಸಿ ಕೇಳಿ, ಎರಡು ಸಲ ಕತ್ತರಿಸಿದ ಮೇಲೆ ಸರಿಯಾಯಿತು.

ಹೊಗೆಯ ದಾರಿ ಕಟ್ಟಿಕೊಂಡಿದೆಯೋ ಇಲ್ಲವೋ ಅಂತ ಕಿವಿಯಿಂದ ಹೇಳೋಕಾಗಲ್ಲ. ಇಂಜಿನ್ ಕಡೆ ಹೊಗೆ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಒತ್ತಡ ಅಳೆಯುವ ಗೇಜ್ ಹಾಕಿ. 2500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿದರೆ ಎಲ್ಲೋ ಉಸಿರು ಕಟ್ಟಿದೆ ಅಂತಲೇ. ಇಂಜಿನ್ನಿಗೆ ಬ್ಯಾಕ್ ಪ್ರೆಶರ್, ಅಂದರೆ ಹೊಗೆಯನ್ನು ಹಿಂದಕ್ಕೆ ತಳ್ಳುವ ಒತ್ತಡ, ಬೇಕೇ ಬೇಕು ಅಂತ ನಮ್ಮ ಲೈನಿನಲ್ಲಿ ಹಿರಿಯರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಬೇಕಿರುವುದು ಹೊಗೆಯ ವೇಗ. ಅದಕ್ಕೇ ಸುಮ್ನೆ ದಪ್ಪ ಪೈಪು ಹಾಕಿಸಿದರೂ ಲೋ ಸ್ಪೀಡಿನಲ್ಲಿ ಎಳೆತ ಹೋಗುತ್ತದೆ. ಪೈಪು ಬಾಗಿಸುವಾಗ ನೆಗ್ಗಿದರೂ ಅಷ್ಟೇ, ಒಂದು ನೆಗ್ಗು ಇಡೀ ಪೈಪನ್ನು ಸಣ್ಣ ಮಾಡಿದ ಹಾಗೆ.

ಹೊಸ ಸೈಲೆನ್ಸರಿಗೆ ದುಡ್ಡು ಸುರಿಯುವ ಮುಂಚೆ ಲೀಕ್ ನೋಡಿಸಿ. ಬೆಳಿಗ್ಗೆ ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅಂದು, ಬಿಸಿಯಾದ ಮೇಲೆ ನಿಂತರೆ ಇಂಜಿನ್ನಿಗೂ ಹೊಗೆ ಪೈಪಿಗೂ ನಡುವಿನ ಪಟ್ಟಿ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಹೋಗಿರಬಹುದು. ಜಾಯಿಂಟಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಕಾಣುತ್ತದೆ. ಇಂಜಿನ್ ಕಡೆಯ ಲೀಕ್ ಬರೀ ಸದ್ದಿನ ವಿಷಯವಲ್ಲ, ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಕಾರಿನೊಳಗೆ ಬರಬಹುದು. ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕಿ ಅಂತ ಕೇಳಿಕೊಂಡು ಬರುವವರಿಗೆ ನಾನು ಚಹಾ ಕುಡಿಸಿ ಕಳಿಸುತ್ತೇನೆ. ಹೊಗೆ, ಸದ್ದಿನ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ 10,000 ರೂಪಾಯಿವರೆಗೆ ದಂಡ ಇದೆ.

ಇನ್ನೊಂದು. ಸುಮಾರು ಸೈಲೆನ್ಸರುಗಳ ಹೊಟ್ಟೆಯ ಕೆಳಗೆ ಒಂದು ಸಣ್ಣ ತೂತಿರುತ್ತದೆ, ಕಂಪನಿಯವರೇ ಬಿಟ್ಟಿದ್ದು. ಪೆಟ್ರೋಲ್ ಉರಿದಾಗ ನೀರೂ ಆಗುತ್ತದೆ, ಅದು ಇಳಿಯುವ ದಾರಿ ಇದು. ಸಂಡೂರು ಕಡೆ ಓಡಾಡುವ ಗಾಡಿಗಳಲ್ಲಿ ಅದಿರಿನ ಕೆಂಪು ಕೆಸರು ಅಲ್ಲೇ ಗಟ್ಟಿಯಾಗಿ ಕೂತಿರುತ್ತದೆ, ಕೆಲವರು ಲೀಕ್ ಅಂದುಕೊಂಡು ವೆಲ್ಡಿಂಗೇ ಹೊಡೆಸಿರುತ್ತಾರೆ. ನೀರು ಒಳಗೇ ನಿಂತು ತಗಡು ತುಕ್ಕು ಹಿಡಿಯುತ್ತದೆ. ಮಳೆಗಾಲ ಮುಗಿದ ಮೇಲೆ ಒಂದು ತಂತಿ ತಗೊಂಡು ಚುಚ್ಚಿ ನೋಡಿ, ಇಂಜಿನ್ ತಣ್ಣಗಿರುವಾಗ.