ಪದ ಪರಿಚಯ: ಫೇಸ್ (ಸ್ಪೀಕರ್ ಬಾಕ್ಸಿನದು, ಪಂಪ್‌ಸೆಟ್ಟಿನದಲ್ಲ)

ತುಮಕೂರು ಕಡೆ ಮನೆಯಲ್ಲೇ ಸ್ಪೀಕರ್ ಬಾಕ್ಸ್ ಕಟ್ಟುವವರ ಬಾಯಲ್ಲಿ ಈಗ ಎಲ್ಲ ಕಾಯಿಲೆಗೂ ಒಂದೇ ಹೆಸರು: ‘ಫೇಸ್ ಔಟ್’. ಬೇಸ್ ಬರ್ತಿಲ್ಲ, ಫೇಸ್ ಔಟ್. ಗುಂಯ್ ಅನ್ನುತ್ತೆ, ಫೇಸ್ ಔಟ್. ಹಿಂದಿನ ಪ್ಲೈವುಡ್ ಜರ್ ಅಂತ ಅದುರುತ್ತೆ, ಅದೂ ಫೇಸ್ ಔಟ್. ಮದ್ದೂ ಒಂದೇ, ಎರಡು ವೈರ್ ಅದಲುಬದಲು ಮಾಡಿ ನೋಡೋದು. ಹತ್ತರಲ್ಲಿ ಒಂದೆರಡು ಸಲ ವಾಸಿಯೂ ಆಗಿಬಿಡುವುದರಿಂದ ಈ ವೈದ್ಯ ನಿಲ್ಲುತ್ತಿಲ್ಲ.

ತಪ್ಪಿನ ಮೂಲ ಕರೆಂಟು. ಟೆಸ್ಟರ್ ಇಟ್ಟಾಗ ದೀಪ ಹತ್ತಿದ ವೈರ್ ಫೇಸ್, ಹತ್ತದೇ ಇದ್ದದ್ದು ನ್ಯೂಟ್ರಲ್. ತೋಟಕ್ಕೆ ಹೋದರೆ ತ್ರೀ ಫೇಸ್. ಮೋಟಾರು ಉಲ್ಟಾ ತಿರುಗಿದರೆ ಮೂರರಲ್ಲಿ ಯಾವುದಾದರೂ ಎರಡು ವೈರ್ ಬದಲಿಸಿದರೆ ಆಯಿತು. ಈ ಎರಡೂ ಅರ್ಥವನ್ನು ಹಾಗೇ ಹೊತ್ತು ತಂದು ಸ್ಪೀಕರ್ ಟರ್ಮಿನಲ್‌ಗೆ ಅಂಟಿಸಿದ್ದಾರೆ. ‘ಕೆಂಪು ಫೇಸು, ಕಪ್ಪು ನ್ಯೂಟ್ರಲ್’ ಅನ್ನುವುದು ಬರೀ ಮಾತಿನ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಟಿಪಿಎ3116 ತರಹದ ಡಿ ಕ್ಲಾಸ್ ಆಂಪ್ಲಿಫೈಯರ್ ಬೋರ್ಡುಗಳಲ್ಲಿ ಔಟ್‌ಪುಟ್ಟಿನ ಎರಡು ವೈರಿನಲ್ಲೂ ಸಿಗ್ನಲ್ ಇರುತ್ತೆ, ಯಾವುದೂ ಗ್ರೌಂಡ್ ಅಲ್ಲ. ವೈರ್ ಉಳಿಸಲು ಲೆಫ್ಟ್ ರೈಟ್ ಎರಡರ ಕಪ್ಪನ್ನೂ ಒಂದಕ್ಕೇ ಸೇರಿಸಿದರೆ ಬೋರ್ಡು ಪ್ರೊಟೆಕ್ಷನ್‌ಗೆ ಹೋಗಿ ಬಾಯಿ ಮುಚ್ಚುತ್ತೆ, ಗ್ರಹಚಾರ ಕೆಟ್ಟಿದ್ದರೆ ಐಸಿಯೇ ಹೋಗುತ್ತೆ. ಇನ್ನು, ಆಂಪ್ಲಿಫೈಯರಿನ ಎರಡು ಪಿನ್ ಪ್ಲಗ್ ತಿರುಗಿಸಿ ಚುಚ್ಚಿದಾಗ ಗುಂಯ್ ಕಡಿಮೆಯಾಯಿತು ಅನ್ನುವವರಿಗೆ: ಅದು ಕರೆಂಟಿನ ಫೇಸು, ಟ್ರಾನ್ಸ್‌ಫಾರ್ಮರಿನಿಂದ ಚಾಸಿಗೆ (ಲೋಹದ ಡಬ್ಬಿಗೆ) ಸೋರುವ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು. ಬಾಕ್ಸಿಗೆ ಸಂಬಂಧವೇ ಇಲ್ಲ.

ಪದ ಹುಟ್ಟಿದ್ದು ಕರೆಂಟಿನಿಂದಲೂ ಅಲ್ಲ, ಚಂದ್ರನಿಂದ. ಗ್ರೀಕಿನಲ್ಲಿ ‘ಕಾಣಿಸಿಕೊಳ್ಳುವುದು’ ಎನ್ನುವ ಅರ್ಥದ ಮಾತು, ಚಂದ್ರ ಒಂದೊಂದು ದಿನ ಒಂದೊಂದು ರೂಪದಲ್ಲಿ ಕಾಣುವುದಕ್ಕೆ ಹೆಸರಾಯಿತು. ನಮ್ಮ ಪಂಚಾಂಗ ಇದನ್ನು ಡಿಗ್ರಿ ಲೆಕ್ಕದಲ್ಲೇ ಇಟ್ಟಿದೆ. ಸೂರ್ಯನಿಗಿಂತ ಚಂದ್ರ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ. 30 ತಿಥಿಗೆ 360 ಡಿಗ್ರಿ, ಒಂದು ಸುತ್ತು. ಅಮಾವಾಸ್ಯೆ ಮುಗಿಯುವ ಗಳಿಗೆ ಸೊನ್ನೆ, ಹುಣ್ಣಿಮೆ ಮುಗಿಯುವ ಗಳಿಗೆ 180. ಸ್ಪೀಕರಿನ ಫೇಸೂ ಇಷ್ಟೇ: ಎರಡು ಅಲೆಗಳಲ್ಲಿ ಒಂದು ಇನ್ನೊಂದಕ್ಕಿಂತ ಸುತ್ತಿನ ಎಷ್ಟು ಭಾಗ ಹಿಂದೆ ಅಥವಾ ಮುಂದೆ ಇದೆ ಅನ್ನುವ ಲೆಕ್ಕ. ಹೋಲಿಸಲು ಎರಡನೆಯದು ಬೇಕೇ ಬೇಕು. ಒಂದೇ ಯುನಿಟ್ಟಿರುವ (ಸದ್ದು ಮಾಡುವ ಬಿಡಿ ಸ್ಪೀಕರೇ ಯುನಿಟ್) ಒಂಟಿ ಬಾಕ್ಸ್ ತೋರಿಸಿ ‘ಇದು ಫೇಸ್ ಔಟಾ?’ ಎಂದರೆ, ಯಾವುದರ ಜೊತೆ ಎಂದು ತಿರುಗಿ ಕೇಳಬೇಕು. ಜೋಡಿ ಬಾಕ್ಸಿನಲ್ಲಿ ಎರಡರದೂ ವೈರ್ ಉಲ್ಟಾ ಕೊಟ್ಟಿದ್ದರೂ ಅವುಗಳ ನಡುವೆ ಏನೂ ಕೆಡುವುದಿಲ್ಲ.

ವೈರ್ ಉಲ್ಟಾ ಆದರೆ ಆಗುವುದಕ್ಕೆ ಸರಿಯಾದ ಹೆಸರು ಪೊಲಾರಿಟಿ, ಪ್ಲಸ್ ಮೈನಸ್ಸಿನ ದಿಕ್ಕು. ಕೋನ್ (ಯುನಿಟ್ಟಿನಲ್ಲಿ ಅದುರಿ ಸದ್ದು ಮಾಡುವ ಬಟ್ಟಲು) ಮುಂದೆ ಬರಬೇಕಾದಾಗ ಹಿಂದೆ ಹೋಗುತ್ತೆ, 40 ಹರ್ಟ್ಸ್ ಇರಲಿ 4,000 ಇರಲಿ. ತಡವಾಗಿ ಬಂದ ಸದ್ದು ಬೇರೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ, ಹಾಗಾಗಿ 100 ಹರ್ಟ್ಸಿನ ಅಲೆ 3.4 ಮೀಟರ್ ಉದ್ದ. ಒಂದು ಬಾಕ್ಸ್ ನಿಮ್ಮಿಂದ 1.7 ಮೀಟರ್ ಹೆಚ್ಚು ದೂರವಿದ್ದರೆ 5 ಮಿಲಿಸೆಕೆಂಡ್ ತಡ. 100 ಹರ್ಟ್ಸಿಗೆ ಅದು 180 ಡಿಗ್ರಿ, ಸದ್ದು ಸದ್ದನ್ನು ತಿನ್ನುತ್ತೆ. ಅದೇ ತಡ 200 ಹರ್ಟ್ಸಿಗೆ ಪೂರ್ತಿ 360, ಒಂದಕ್ಕೊಂದು ಕೂಡಿಕೊಳ್ಳುತ್ತೆ. ಸಬ್‌ವೂಫರ್ ಮೂಲೆಗೆ ಸರಿಸಿದ ಮೇಲೆ ಒಂದೇ ಒಂದು ನೋಟ್ ಮಾಯವಾದರೆ ಹೆಚ್ಚಾಗಿ ಇದೇ ಕಾರಣ. ವೈರ್ ಬದಲಿಸಿದರೆ ಆ ನೋಟ್ ಬಂದು ಇನ್ನೊಂದು ಹೋಗುತ್ತೆ. ಬಾಕ್ಸನ್ನು ಅರ್ಧ ಮೀಟರ್ ಸರಿಸಿ ನೋಡಬೇಕು.

ಪೊಲಾರಿಟಿ ನೋಡಲು 1.5 ವೋಲ್ಟ್ ಪೆನ್‌ಸೆಲ್ ಸಾಕು. ಆಂಪ್ಲಿಫೈಯರಿನಿಂದ ವೈರ್ ಬಿಚ್ಚಿ, ವೂಫರ್ (ಬೇಸಿನ ದೊಡ್ಡ ಯುನಿಟ್) ಟರ್ಮಿನಲ್‌ಗೆ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿ. ಕೋನ್ ಮುಂದಕ್ಕೆ ನೆಗೆದರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಯುನಿಟ್ಟಿನ ಪ್ಲಸ್. (ತೀರಾ ಹಳೆಯ ಜೆಬಿಎಲ್ ಯುನಿಟ್‌ಗಳಲ್ಲಿ ಇದು ತಿರುಗಾಮುರುಗಾ, ಗುರುತಿನ ಚುಕ್ಕೆ ನಂಬಬೇಡಿ.) ಒಂದೇ ಬಾಕ್ಸಿನಲ್ಲಿ ಎರಡು 8 ಓಮ್ ವೂಫರ್ ಸೀರೀಸ್ ಕೊಟ್ಟವರು ಇದನ್ನು ಮಾಡಲೇಬೇಕು. ಅಲ್ಲಿ ಮೊದಲನೆಯದರ ಮೈನಸ್ ಎರಡನೆಯದರ ಪ್ಲಸ್ಸಿಗೆ ಹೋಗಬೇಕು, ಎಡವುವುದೇ ಆ ಜಾಯಿಂಟಿನಲ್ಲಿ. ಸೆಲ್ ಮುಟ್ಟಿಸಿದಾಗ ಒಂದು ಕೋನ್ ಉಬ್ಬಿ ಇನ್ನೊಂದು ತಗ್ಗಿದರೆ ಒಳಗಿನ ಗಾಳಿ ಬರೀ ಅತ್ತಿತ್ತ ಓಡಾಡುತ್ತಿದೆ. ಬೇಸ್ ಸೊನ್ನೆ, ಕೋನ್ ಕುಣಿತ ಮಾತ್ರ ಜೋರು.

ಟ್ವೀಟರಿಗೆ (ಕೀರಲು ಸದ್ದಿನ ಚಿಕ್ಕ ಯುನಿಟ್ಟಿಗೆ) ಸೆಲ್ ಪರೀಕ್ಷೆ ಬೇಡ, ಕದಲುವುದು ಕಣ್ಣಿಗೆ ಕಾಣುವುದಿಲ್ಲ. ಅಲ್ಲಿಯ ತೊಂದರೆಯೇ ಬೇರೆ. ಕಂಪನಿ ಬಾಕ್ಸ್ ಬಿಚ್ಚಿ, ಟ್ವೀಟರ್ ವೈರ್ ಉಲ್ಟಾ ಇರುವುದನ್ನು ಕಂಡು, ‘ಫ್ಯಾಕ್ಟರಿಯವರ ತಪ್ಪು’ ಅಂತ ಸರಿಮಾಡಿ ಕೂರಿಸುವವರಿಗೆ ಕೈಮುಗಿಯಬೇಕು. ಕೆಳಗಿನ ಸದ್ದನ್ನು ವೂಫರಿಗೂ ಮೇಲಿನದನ್ನು ಟ್ವೀಟರಿಗೂ ಹಂಚುವ, ಆಕ್ಟೇವಿಗೆ (ಹರ್ಟ್ಸ್ ಎರಡರಷ್ಟಾಗುವ ಹೆಜ್ಜೆಗೆ) 12 ಡಿಬಿ ಇಳಿಯುವ ಕ್ರಾಸ್‌ಓವರ್ ವೂಫರನ್ನು 90 ಡಿಗ್ರಿ ಹಿಂದೆ, ಟ್ವೀಟರನ್ನು 90 ಡಿಗ್ರಿ ಮುಂದೆ ತಳ್ಳುತ್ತೆ. ಒಟ್ಟು 180. ಅದಕ್ಕೇ ಅವರು ಬೇಕೆಂದೇ ತಿರುಗಿಸಿ ಕೊಟ್ಟಿರುತ್ತಾರೆ. ನೇರ ಮಾಡಿದರೆ ಕ್ರಾಸ್‌ಓವರ್ ಜಾಗದಲ್ಲಿ, 3,000 ಹರ್ಟ್ಸ್ ಆಸುಪಾಸು ಅನ್ನಿ, ಗುಂಡಿ ಬೀಳುತ್ತೆ. ಹಾಡುವವರು ಎರಡು ಹೆಜ್ಜೆ ಹಿಂದೆ ಸರಿದಂತೆ ಕೇಳುತ್ತೆ. 24 ಡಿಬಿಯದಾದರೆ ಸಾಮಾನ್ಯವಾಗಿ ನೇರ ಕೊಡಬೇಕು, ವ್ಯತ್ಯಾಸ ಪೂರ್ತಿ 360. ನಿಮ್ಮದು ಸರಿ ಇದೆಯೇ ತಿಳಿಯಲು ಟ್ವೀಟರಿನ ಎತ್ತರಕ್ಕೆ ಕಿವಿ ಇಟ್ಟು ಒಂದು ಮೀಟರ್ ದೂರ ಕೂತು, ಕ್ರಾಸ್‌ಓವರ್ ಹರ್ಟ್ಸಿನ ಟೋನ್ ಹಾಕಿ, ಟ್ವೀಟರ್ ವೈರ್ ಎರಡೂ ಬಗೆಯಲ್ಲಿ ಕೊಟ್ಟು ಕೇಳಿ. ಒಂದರಲ್ಲಿ ಸದ್ದು ಚೆನ್ನಾಗಿ ಸತ್ತರೆ ಇನ್ನೊಂದೇ ಸರಿ. ಎರಡರಲ್ಲೂ ಒಂದೇ ತರ ಕೇಳಿದರೆ ಕೆಪಾಸಿಟರ್, ಕಾಯಿಲ್ ಬೆಲೆಗಳನ್ನು ನೋಡಬೇಕು.

ಒಂದೇ ಯುನಿಟ್ಟಿನ ಬಾಕ್ಸಿಗೂ ಫೇಸ್ ಅನ್ವಯಿಸುವ ಜಾಗ ಒಂದಿದೆ, ಕೋನ್ ಹಿಂಭಾಗ. ಅಲ್ಲಿಂದ ಹೊರಡುವ ಸದ್ದು ಮುಂದಿನದಕ್ಕೆ ಪೂರ್ತಿ ಉಲ್ಟಾ. ಡಬ್ಬಿ ಕಟ್ಟುವುದೇ ಅದನ್ನು ಕೂಡಿಹಾಕಲು. ಟರ್ಮಿನಲ್ ಪ್ಲೇಟಿನ ಸುತ್ತ, ಯುನಿಟ್ಟಿನ ಅಂಚಿನ ಕೆಳಗೆ ಸಂದು ಬಿಟ್ಟರೆ ಬೇಸ್ ಅಲ್ಲೇ ಸೋರುತ್ತೆ. 50 ಹರ್ಟ್ಸ್ ಟೋನ್ ಹಾಕಿ ಜಾಯಿಂಟುಗಳ ಉದ್ದಕ್ಕೂ ಊದುಬತ್ತಿ ಹಿಡಿದರೆ ಹೊಗೆ ನಡುಗುವ ಕಡೆ ಸಂದು ಇದೆ. ಫೆವಿಕಾಲಿಗೆ ಮರದ ಹೊಟ್ಟು ಕಲಸಿ ಒಳಗಿನಿಂದ ಮೆತ್ತಿ, ಯುನಿಟ್ ಕೆಳಗೆ ಫೋಮ್ ಪಟ್ಟಿ ಕೊಡಿ. ವಿನಿಗರ್ ವಾಸನೆಯ ಸಿಲಿಕೋನ್ ಬಳಸಿದರೆ ವಾಸನೆ ಪೂರ್ತಿ ಹೋಗುವವರೆಗೂ ಯುನಿಟ್ ಕೂರಿಸಬೇಡಿ. ಪೋರ್ಟ್ (ಗಾಳಿ ಆಡುವ ಕೊಳವೆ) ಇಟ್ಟ ಬಾಕ್ಸ್ ಟ್ಯೂನ್ ಮಾಡಿದ ಹರ್ಟ್ಸಿನಲ್ಲಿ ಈ ಹಿಂದಿನ ಸದ್ದನ್ನು ತಿರುಗಿಸಿ ಉಪಯೋಗಕ್ಕೆ ತರುತ್ತೆ. ಅದಕ್ಕಿಂತ ಕೆಳಗೆ ಪೋರ್ಟೂ ಕೋನೂ ಮತ್ತೆ ಎದುರುಬದುರು. 45ಕ್ಕೆ ಟ್ಯೂನ್ ಮಾಡಿದ ಬಾಕ್ಸಿಗೆ 30ರಲ್ಲಿ ಬೇಸ್ ಬೂಸ್ಟ್ ಕೊಟ್ಟರೆ ಕೋನ್ ಹರಿಯುತ್ತೆ ಅಷ್ಟೇ.

ಜರ್ ಅನ್ನುವುದು ಸಡಿಲ ಸ್ಕ್ರೂ, ಇಲ್ಲವೇ ಕೋನಿಗೆ ತಾಗುತ್ತಿರುವ ವೈರ್. ಕರಕರ ಅಂದರೆ ವಾಯ್ಸ್ ಕಾಯಿಲ್ (ಕೋನಿನ ಹಿಂದಿನ ತಂತಿ ಸುರುಳಿ) ಉಜ್ಜುತ್ತಿದೆ. ಇವೆರಡಕ್ಕೂ ವೈರ್ ಬದಲಿಸುತ್ತಾ ಕೂರುವ ಹೊತ್ತಿಗೆ ಯುನಿಟ್ ಬಿಚ್ಚಿ ನೋಡಬಹುದು.