ಎಪಿಜೆನೆಟಿಕ್ಸ್ ಅಂದರೇನು? ಕಣ್ಣನ್ನೇ ಇಟ್ಟುಕೊಂಡು ನೋಡೋಣ

ನಮ್ಮ ಸೋದರಮಾವನಿಗೆ ಸಕ್ಕರೆ ಕಾಯಿಲೆ ಬಂದು ತುಂಬಾ ವರ್ಷ ಆಯಿತು. ಮೊದಲೆಲ್ಲ ಅಷ್ಟಾಗಿ ಗಮನ ಕೊಡಲಿಲ್ಲ. ಈಗ ಮೂರು ವರ್ಷದಿಂದ ಸಿಹಿ ಬಿಟ್ಟು, ದಿನಾ ನಡೆದು, ಮಾತ್ರೆ ತಪ್ಪಿಸದೆ ಶುಗರನ್ನು ಹಿಡಿತಕ್ಕೆ ತಂದಿದ್ದಾರೆ. ಆದರೂ ಮೊನ್ನೆ ಕಣ್ಣು ತೋರಿಸಿದಾಗ ರೆಟಿನಾದಲ್ಲಿ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರ) ರಕ್ತ ಸೋರಿದ ಚುಕ್ಕೆಗಳು ಜಾಸ್ತಿಯಾಗಿವೆ ಅಂದರು. "ಈಗ ಎಲ್ಲ ಸರಿ ಇದೆಯಲ್ಲೋ, ಮತ್ಯಾಕೆ ಹೀಗೆ?" ಅಂತ ಮಾವ ಕೇಳಿದರು. ಆ ಪ್ರಶ್ನೆಯ ಉತ್ತರದಲ್ಲಿ ಒಂದು ಪಾಲು ಎಪಿಜೆನೆಟಿಕ್ಸ್ ಅನ್ನುವ ಪದದಲ್ಲಿದೆ.

ಪದ ಬಳಕೆಗೆ ಬಂದದ್ದು 1942ರಲ್ಲಿ, ಬ್ರಿಟನ್ನಿನ ಜೀವವಿಜ್ಞಾನಿ ಕಾನ್ರಾಡ್ ವ್ಯಾಡಿಂಗ್ಟನ್ ಅವರಿಂದ. ಗ್ರೀಕಿನಲ್ಲಿ 'ಎಪಿ' ಅಂದರೆ ಮೇಲೆ. ಜೀನ್‌ನ ಒಂದಕ್ಷರವೂ ಬದಲಾಗುವುದಿಲ್ಲ, ಅದರ ಮೇಲೆ ಕೂರುವ ರಾಸಾಯನಿಕ ಗುರುತುಗಳು ಮಾತ್ರ ಬದಲಾಗುತ್ತವೆ, ಅಷ್ಟಕ್ಕೇ ಆ ಜೀನ್ ಕೆಲಸಕ್ಕಿಳಿಯುತ್ತದೆ ಅಥವಾ ಸುಮ್ಮನಾಗುತ್ತದೆ. ಇವತ್ತು ಈ ಪದಕ್ಕಿರುವ ಅರ್ಥ ಇದು.

ಹಳೆ ಮನೆಯ ಪಾತ್ರೆಗಳನ್ನು ನೆನಪಿಸಿಕೊಳ್ಳಿ. ದಿನಾ ಬೇಕಾದವು ಒಲೆ ಪಕ್ಕದಲ್ಲಿ, ಮದುವೆ ಮುಂಜಿಗೆ ಬೇಕಾದ ಹಂಡೆ ಕೊಳಗ ಅಟ್ಟದ ಮೇಲೆ. ಜೀವಕೋಶದಲ್ಲೂ ಹೀಗೇ. ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಹಿಸ್ಟೋನ್‌ಗೆ ಅಸಿಟೈಲ್ ಎಂಬ ರಾಸಾಯನಿಕ ಗುರುತು ಅಂಟಿದರೆ ಸಾಮಾನ್ಯವಾಗಿ ಸುತ್ತು ಸಡಿಲವಾಗಿ ಜೀನ್ ಕೈಗೆ ಸಿಗುತ್ತದೆ. ಜೀನ್ ಶುರುವಾಗುವ ಜಾಗದಲ್ಲಿ ಡಿಎನ್‌ಎಗೇ ಮೀಥೈಲ್ ಎಂಬ ಇನ್ನೊಂದು ಗುರುತು ಅಂಟಿತೋ, ಹೆಚ್ಚಾಗಿ ಅದು ಅಟ್ಟ ಸೇರಿದ ಹಾಗೆ.

ಕಣ್ಣಿನ ಲೆನ್ಸಿನ ಕೋಶ, ರೆಟಿನಾದ ಕೋಶ, ಹಿಮ್ಮಡಿಯ ಕೋಶ, ಎಲ್ಲವೂ ಬಂದದ್ದು ಒಂದೇ ಡಿಎನ್‌ಎಯಿಂದ. ಲೆನ್ಸ್ ಬೆಳೆಯುವಾಗ ಅದನ್ನು ಪಾರದರ್ಶಕವಾಗಿಡುವ ಕ್ರಿಸ್ಟಲಿನ್ ಪ್ರೋಟೀನುಗಳ ಜೀನ್‌ಗಳು ಅಟ್ಟದಿಂದ ಕೆಳಗಿಳಿಯುತ್ತವೆ, ರೆಟಿನಾದಲ್ಲಿ ಮಂದ ಬೆಳಕನ್ನು ಹಿಡಿಯುವ ರಾಡ್ ಕೋಶದಲ್ಲಿ ಬೆಳಕನ್ನು ಗುರುತಿಸುವ ರೊಡಾಪ್ಸಿನ್ ಪ್ರೋಟೀನಿನ ಜೀನ್. ಇಲಿಯ ರಾಡ್ ಕೋಶದಲ್ಲಂತೂ ಇನ್ನೂ ಸೊಗಸಾದ ಸಂಗತಿ ಇದೆ. ಬೇರೆ ಕೋಶಗಳಲ್ಲಿ ಬಿಗಿಯಾಗಿ ಸುತ್ತಿದ ಡಿಎನ್‌ಎ ಹೆಚ್ಚಾಗಿ ಕೋಶಕೇಂದ್ರದ ಅಂಚಿನಲ್ಲಿರುತ್ತದೆ, ಇಲ್ಲಿ ಉಲ್ಟಾ, ಅದೆಲ್ಲ ನಡುವಿಗೆ ಬಂದು ಗಟ್ಟಿ ಉಂಡೆಯಾಗುತ್ತದೆ. ಆ ಉಂಡೆ ಪುಟ್ಟ ಲೆನ್ಸಿನಂತೆ ಬೆಳಕನ್ನು ಒಟ್ಟುಗೂಡಿಸುತ್ತದೆ ಅಂತ 2009ರಲ್ಲಿ ಗೊತ್ತಾಯಿತು. ಹಗಲಲ್ಲಿ ಓಡಾಡುವ ಸಸ್ತನಿಗಳಲ್ಲಿ ಈ ಏರ್ಪಾಡಿಲ್ಲ, ರಾತ್ರಿ ಓಡಾಡುವ ಸಸ್ತನಿಗಳಲ್ಲಿ ಕಾಣುತ್ತದೆ. ಡಿಎನ್‌ಎ ಮಡಚಿಡುವ ರೀತಿಯೇ ನೋಟಕ್ಕೆ ನೆರವಾಗುತ್ತದೆ! ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸುಮ್ನೆ ಕೂತಿದ್ದೆ.

ಗುರುತು ತಪ್ಪಿದರೆ ಕಾಯಿಲೆ. ಚಿಕ್ಕ ಮಕ್ಕಳಿಗೆ ಬರುವ ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರ್‌ನಲ್ಲಿ ಸಾಮಾನ್ಯವಾಗಿ ಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ಆರ್‌ಬಿ1 ಎಂಬ ಜೀನ್ ಕೆಟ್ಟಿರುತ್ತದೆ. ಕೆಲವು ಗಡ್ಡೆಗಳಲ್ಲಿ ಜೀನ್‌ನ ಅಕ್ಷರಗಳು ಸರಿಯಿದ್ದರೂ ಮೀಥೈಲ್ ಅಂಟಿ ಅದು ಮುಚ್ಚಿಹೋಗಿರುತ್ತದೆ. ಅಂದಹಾಗೆ, ಫ್ಲ್ಯಾಷ್ ಫೋಟೋದಲ್ಲಿ ಮಗುವಿನ ಕಣ್ಣಪಾಪೆ ಬೆಳ್ಳಗೆ ಹೊಳೆದರೆ ದಯವಿಟ್ಟು ಕಾಯಬೇಡಿ, ಕೂಡಲೇ ಕಣ್ಣಿನ ಡಾಕ್ಟರಿಗೆ ತೋರಿಸಿ.

ಈಗ ಮಾವನ ಪ್ರಶ್ನೆ. 1983ರಿಂದ 1993ರವರೆಗೆ ಅಮೆರಿಕ, ಕೆನಡಾಗಳಲ್ಲಿ ಟೈಪ್ 1 ಸಕ್ಕರೆ ಕಾಯಿಲೆಯ 1,441 ಜನರ ಮೇಲೆ ಡಿಸಿಸಿಟಿ ಎಂಬ ಅಧ್ಯಯನ ನಡೆಯಿತು. ಅರ್ಧದಷ್ಟು ಜನರಿಗೆ ಬಿಗಿ ಹತೋಟಿ, ಉಳಿದವರಿಗೆ ಆಗಿನ ಮಾಮೂಲು ಚಿಕಿತ್ಸೆ. ಅಧ್ಯಯನ ಮುಗಿದ ಮೇಲೆ ಎರಡೂ ಗುಂಪಿನ ಸಕ್ಕರೆ ಮಟ್ಟ ಹೆಚ್ಚುಕಡಿಮೆ ಒಂದೇ ಆಯಿತು, ಆದರೆ ಮೊದಲು ಸಕ್ಕರೆ ಜಾಸ್ತಿ ಇದ್ದವರ ಕಣ್ಣು ಮುಂದೆ ಎಷ್ಟೋ ವರ್ಷ ಹೆಚ್ಚಾಗಿಯೇ ಹಾಳಾಗುತ್ತಾ ಹೋಯಿತು. ಇದಕ್ಕೆ 'ಮೆಟಬಾಲಿಕ್ ಮೆಮೊರಿ' ಎನ್ನುತ್ತಾರೆ. ಮೈ ಹಳೆಯ ಸಕ್ಕರೆಯನ್ನು ಮರೆತಿರಲಿಲ್ಲ. ಅವರಲ್ಲಿ ಕೆಲವರ ರಕ್ತದ ಕೋಶಗಳನ್ನು ಪರೀಕ್ಷಿಸಿದಾಗ, ಕೆಲವು ಮೀಥೈಲ್ ಗುರುತುಗಳು 16-17 ವರ್ಷ ಕಳೆದರೂ ಹಾಗೇ ಉಳಿದಿದ್ದವು. ಡೆಟ್ರಾಯಿಟ್‌ನಲ್ಲಿ ರೇಣು ಕೌಲೂರು ಅವರ ತಂಡ ಇಲಿಗಳ ರೆಟಿನಾದಲ್ಲೇ ಇದನ್ನು ನೋಡಿತು: ಸಕ್ಕರೆ ಇಳಿಸಿದ ಮೇಲೂ ಹಿಸ್ಟೋನ್ ಗುರುತುಗಳು ಮೊದಲಿನಂತಾಗಲಿಲ್ಲ. ಮಾವನ ಈಗಿನ ಶ್ರಮ ವ್ಯರ್ಥ ಅಂತಲ್ಲ, ಅದಿಲ್ಲದಿದ್ದರೆ ಇನ್ನೂ ಬೇಗ ಕೆಡುತ್ತಿತ್ತು. ಆದರೆ ಕಾಯಿಲೆ ಗೊತ್ತಾದ ಮೊದಲ ವರ್ಷಗಳಲ್ಲೇ ಹಿಡಿತ ಯಾಕೆ ಅಷ್ಟು ಮುಖ್ಯ ಅಂತ ಇದರಿಂದ ತಿಳಿಯುತ್ತದೆ, ಅಲ್ವಾ?

ಈ ಗುರುತುಗಳನ್ನು ಅಳಿಸಿ ಮತ್ತೆ ಬರೆಯಬಹುದು ಅನ್ನುವುದೇ ನನಗೆ ಧೈರ್ಯ ಕೊಡುವ ವಿಷಯ. 2020ರಲ್ಲಿ ಹಾರ್ವರ್ಡ್‌ನ ತಂಡವೊಂದು ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದ್ದ ಇಲಿಗಳ ಕಣ್ಣಿಗೆ ಮೂರು ಜೀನ್‌ಗಳನ್ನು ಸೇರಿಸಿ, ಹೋದ ನೋಟದಲ್ಲಿ ಒಂದು ಪಾಲು ವಾಪಸ್ ಬರುವಂತೆ ಮಾಡಿತು. ಅದೇ ತಂಡದ ಬೇರೆ ಪ್ರಯೋಗಗಳಲ್ಲಿ, ಮೀಥೈಲ್ ಕಳಚಲು ನೆರವಾಗುವ ಕಿಣ್ವಗಳನ್ನು ತಡೆದಾಗ ಈ ಜೀನ್‌ಗಳಿಂದ ಅಂಥ ಸುಧಾರಣೆ ಕಾಣಲಿಲ್ಲ, ಅಂದರೆ ಗುರುತು ಕಳಚುವುದೂ ಇದಕ್ಕೆ ಬೇಕು.