ಗೋಲು ಹೊಡೆಯದ ಸ್ಲೇವಿನ್‌ಗೆ 8 ವರ್ಷದ ಒಪ್ಪಂದ ಯಾಕೆ?

ಪ್ರಶ್ನೆ: ಅಮೆರಿಕದ ಐಸ್ ಹಾಕಿ ತಂಡ ಕ್ಯಾರೊಲಿನಾ ಹರಿಕೇನ್ಸ್‌ನ ಡಿಫೆನ್ಸ್‌ಮನ್ (ರಕ್ಷಣಾ ಆಟಗಾರ) ಜೇಕಬ್ ಸ್ಲೇವಿನ್ ಗೋಲು ಹೊಡೆಯುವುದೇ ಕಡಿಮೆ. ಅಂಥವರನ್ನು 39 ವರ್ಷ ಆಗುವವರೆಗೂ ಇಟ್ಟುಕೊಳ್ಳುವುದು ಸರೀನಾ?

ಉತ್ತರ: ಸರಿ ಅಂತಲೇ ನನ್ನ ಲೆಕ್ಕ. ಕೊನೆಯ ಎರಡು ವರ್ಷದ ಬಗ್ಗೆ ಮಾತ್ರ ಸ್ವಲ್ಪ ಅನುಮಾನ.

ಈ ತಂಡ ಆಡುವ ಅಮೆರಿಕ-ಕೆನಡಾದ ಲೀಗ್ ಎನ್‌ಎಚ್‌ಎಲ್‌ನಲ್ಲಿ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ನಾರಿಸ್ ಟ್ರೋಫಿ ಕೊಡುತ್ತಾರೆ. ಈಗೀಗ ಅದು ಪಾಯಿಂಟ್ ಗಳಿಸುವವರ ಪಾಲು. 2023ರಲ್ಲಿ ಗೆದ್ದ ಎರಿಕ್ ಕಾರ್ಲ್‌ಸನ್ ಗೋಲು, ಅಸಿಸ್ಟ್ (ಗೋಲಿಗೆ ಕೊಟ್ಟ ಪಾಸ್) ಸೇರಿ 101 ಪಾಯಿಂಟ್ ಗಳಿಸಿದ್ದರು. ಸ್ಲೇವಿನ್ ಅವರಿಗೆ ಒಂದು ಸೀಸನ್ನಿನಲ್ಲಿ ಸಿಕ್ಕಿದ್ದು ಹೆಚ್ಚೆಂದರೆ 42. ನಮ್ಮ ಮೈದಾನದ ಹಾಕಿಯಲ್ಲೂ ಇದೇ ಕಥೆ. ಕೊಡಗಿನ ವಿ.ಆರ್. ರಘುನಾಥ್ ಅಂದರೆ ಎಲ್ಲರಿಗೂ ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು ಹೊಡೆಯುವ ಡ್ರ್ಯಾಗ್ ಫ್ಲಿಕ್ ನೆನಪಾಗುತ್ತದೆ, ಅವರು ಡಿಫೆಂಡರ್ ಅನ್ನುವುದು ಆಮೇಲೆ.

ಸ್ಲೇವಿನ್ ಆಟ ನೋಡಬೇಕಾದರೆ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಬಿಟ್ಟು ಅವರ ಸ್ಟಿಕ್ ನೋಡಿ. ಎದುರಾಳಿ ವೇಗವಾಗಿ ನುಗ್ಗಿ ಬಂದರೂ ಮೈ ಮೇಲೆ ಬೀಳುವುದಿಲ್ಲ. ಅಳತೆಯ ದೂರ ಉಳಿಸಿಕೊಂಡು ಹಿಂದೆ ಹಿಂದೆ ಜಾರುತ್ತಾ ಅವನನ್ನು ಗೋಡೆಯ ಕಡೆಗೆ ತಳ್ಳುತ್ತಾರೆ. ಪಾಸ್ ಹೋಗಬೇಕಾದ ದಾರಿಯಲ್ಲಿ ಸ್ಟಿಕ್ ಮೊದಲೇ ಬಂದಿರುತ್ತದೆ. 2020-21ರಲ್ಲಿ ಅವರು 52 ಪಂದ್ಯ ಆಡಿ ಪೆನಾಲ್ಟಿಯಲ್ಲಿ, ಅಂದರೆ ತಪ್ಪಿಗೆ ಶಿಕ್ಷೆಯಾಗಿ ಹೊರಗೆ ಕೂತು, ಕಳೆದದ್ದು ಬರೀ 2 ನಿಮಿಷ! ಎದುರಾಳಿಯ ಅತ್ಯುತ್ತಮ ಆಟಗಾರರ ಎದುರು ದಿನಾ ನಿಲ್ಲುವವರ ಲೆಕ್ಕ ಇದು. ಡಿಫೆನ್ಸ್‌ಮನ್ ಸಾಮಾನ್ಯವಾಗಿ ತಪ್ಪು ಮಾಡುವುದು ಎದುರಾಳಿ ಅವನನ್ನು ದಾಟಿ ಹೋದಾಗ, ಎಳೆದೋ ಕಾಲಿಗೆ ಸ್ಟಿಕ್ ಕೊಟ್ಟೋ ತಡೆಯುವಾಗ. ಇವರನ್ನು ದಾಟುವುದೇ ಕಷ್ಟ. ಸಭ್ಯವಾಗಿ, ಚೆನ್ನಾಗಿ ಆಡುವವರಿಗೆ ಕೊಡುವ ಲೇಡಿ ಬಿಂಗ್ ಟ್ರೋಫಿ ಇವರಿಗೆ 2021 ಮತ್ತು 2024ರಲ್ಲಿ ಸಿಕ್ಕಿತು. ಅದನ್ನು ಜನ ಸುಮ್ನೆ 'ಒಳ್ಳೆ ಹುಡುಗ' ಬಹುಮಾನ ಅಂದುಕೊಳ್ಳುತ್ತಾರೆ. ನನಗೆ ಅದು ಕೈಚಳಕಕ್ಕೆ ಸಿಕ್ಕ ಸರ್ಟಿಫಿಕೇಟ್.

ಇನ್ನು ದುಡ್ಡು. 2024ರ ಜುಲೈನಲ್ಲಿ ಸಹಿ ಮಾಡಿದ ಒಪ್ಪಂದ 2025-26ರಿಂದ 2032-33ರವರೆಗೆ ಇದೆ. ತಂಡ ಎಲ್ಲ ಆಟಗಾರರಿಗೂ ಸೇರಿ ಕೊಡಬಹುದಾದ ಸಂಬಳಕ್ಕೆ ಲೀಗ್ ಹಾಕಿದ ಮಿತಿಯಲ್ಲಿ ಇವರ ಲೆಕ್ಕ ವರ್ಷಕ್ಕೆ 64 ಲಕ್ಷ ಡಾಲರ್ ಆಸುಪಾಸು. 2025-26ರಲ್ಲಿ ಆ ಮಿತಿ 9.55 ಕೋಟಿ ಡಾಲರ್. ಅಂದರೆ ಅವರ ಪಾಲು ನೂರಕ್ಕೆ 7 ಕೂಡ ಇಲ್ಲ. ಮಿತಿ ಏರುತ್ತಿರುವುದರಿಂದ ಆ ಪಾಲು ಇನ್ನೂ ಇಳಿಯುತ್ತದೆ. 2025ರಲ್ಲಿ ತಂಡಕ್ಕೆ ಬಂದ ಇನ್ನೊಬ್ಬ ಡಿಫೆನ್ಸ್‌ಮನ್ ಕೆ'ಆಂಡ್ರೆ ಮಿಲ್ಲರ್‌ಗೇ ವರ್ಷಕ್ಕೆ 75 ಲಕ್ಷ ಡಾಲರ್ ಕೊಡುತ್ತಿದ್ದಾರೆ. ಬೇರೆ ಯಾವುದಾದರೂ ತಂಡ ಸ್ಲೇವಿನ್‌ಗೆ ಇದಕ್ಕಿಂತ ಜಾಸ್ತಿನೇ ಕೊಡುತ್ತಿತ್ತು ಅನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಅಪಾಯ ಇರುವುದು ದೇಹದಲ್ಲಿ. 2025-26ರ ಶುರುವಿನಲ್ಲೇ ಗಾಯವಾಗಿ ಹಲವು ಪಂದ್ಯ ತಪ್ಪಿದವು. ಓದುವ ಕಣ್ಣು, ಸ್ಟಿಕ್ ಹಿಡಿದ ಕೈ ಬೇಗ ಮುದಿಯಾಗುವುದಿಲ್ಲ. ಆದರೆ ಹಿಂದಕ್ಕೆ ಜಾರುವ ಕಾಲು ನಿಧಾನವಾದರೆ ಆ ಅಳತೆಯ ದೂರವೇ ಉಳಿಯುವುದಿಲ್ಲ. ಹಾಗಾಗಿ 35 ದಾಟಿದ ಮೇಲೆ ಅವರನ್ನು ಡಿಫೆನ್ಸ್‌ಮನ್‌ಗಳ ಮೊದಲ ಜೋಡಿಯಲ್ಲೇ ದಿನಾ ದುಡಿಸಬಾರದು. ಮಾಮೂಲಿ ಆಟದ ಭಾರ ಮಿಲ್ಲರ್‌ಗೆ ಹೋಗಲಿ. ತಂಡದವರೊಬ್ಬರು ಪೆನಾಲ್ಟಿಯಿಂದ ಹೊರಗಿದ್ದು ಒಬ್ಬ ಕಡಿಮೆ ಇರುವಾಗ ಆಡುವ ಪೆನಾಲ್ಟಿ ಕಿಲ್ ಮಾತ್ರ ಸ್ಲೇವಿನ್ ಕೈಯಲ್ಲೇ ಇರಲಿ.